ಕಂಪ್ಯೂಟರ್ ರಿಪೇರಿಗೆ ಕೊಡುವ ಮುಂಚೆ ಫೈಲ್‌ಗಳನ್ನು ಹೊರಗೆ ತೆಗೆಯುವುದು ಹೇಗೆ

ಮೂರು ವರ್ಷದ ಹಿಂದೆ ರಾಜಾಜಿನಗರದಿಂದ ಅಕ್ಕ ಫೋನ್ ಮಾಡಿದಳು. "ಲ್ಯಾಪ್‌ಟಾಪ್ ಆನ್ ಆಗ್ತಾನೇ ಇಲ್ಲ ಕಣೋ. ಪಕ್ಕದ ರೋಡಿನ ಅಂಗಡಿಗೆ ಕೊಟ್ಟು ಬಂದೆ" ಅಂದಳು. ಮರುದಿನ ಸಂಜೆ ಅದು ವಾಪಸ್ ಬಂತು. ಸ್ಕ್ರೀನ್ ಚೆನ್ನಾಗಿತ್ತು, ವಿಂಡೋಸ್ ಹೊಸದಾಗಿತ್ತು, ಒಳಗೆ ಏನೂ ಇರಲಿಲ್ಲ. ಅಪ್ಪ ತೀರಿಕೊಳ್ಳುವ ಮುಂಚಿನ ವರ್ಷ ಹಾಡಿದ್ದ ದಾಸರ ಪದಗಳ ರೆಕಾರ್ಡಿಂಗ್ ಅದರಲ್ಲಿ ಮಾತ್ರ ಇತ್ತು. ಕೆಟ್ಟಿದ್ದು ಸ್ಕ್ರೀನ್‌ಗೆ ಹೋಗುವ ಕೇಬಲ್ ಒಂದೇ. ಫೈಲ್‌ಗಳು ಇರುವ ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಸ್ಕ್ರೀನ್ ಸರಿಹೋದ ಮೇಲೆ "ಸ್ಲೋ ಇದೆ" ಅಂತ ಅಂಗಡಿಯವರು ಫಾರ್ಮ್ಯಾಟ್ ಮಾಡಿಬಿಟ್ಟಿದ್ದರು.

ಅವತ್ತಿನಿಂದ ಯಾರಾದರೂ "ಕಂಪ್ಯೂಟರ್ ಕೆಟ್ಟಿದೆ" ಅಂದರೆ ನಾನು ಮೊದಲು ಕೇಳುವುದು ಒಂದೇ: ಡಿಸ್ಕ್ ಕೆಟ್ಟಿದೆಯೋ, ಮಿಕ್ಕಿದ್ದು ಕೆಟ್ಟಿದೆಯೋ? ಇವೆರಡೂ ಬೇರೆ ಬೇರೆ. ಚಾರ್ಜರ್, ಸ್ಕ್ರೀನ್, ಮದರ್‌ಬೋರ್ಡ್, ಕೀಬೋರ್ಡ್ ಹೋದರೆ ಫೈಲ್‌ಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ, ನಿಧಾನವಾಗಿ ತೆಗೆಯಬಹುದು. ಡಿಸ್ಕೇ ಕೆಟ್ಟಿದ್ದರೆ ಅದು ಓಡುವ ಒಂದೊಂದು ನಿಮಿಷವೂ ನಷ್ಟ. ಹಾಗಾಗಿ ಯಾವ ಲಕ್ಷಣ ಯಾವುದನ್ನು ಹೇಳುತ್ತದೆ ಅಂತ ತಿಳಿದಿರಬೇಕು.

ಯಾವುದಕ್ಕೂ ಕೈ ಹಾಕುವ ಮುಂಚೆ

ಫೋನಿನಲ್ಲೋ ಬೇರೆ ಕಂಪ್ಯೂಟರಿನಲ್ಲೋ ನಿಮ್ಮ ಒನ್‌ಡ್ರೈವ್, ಗೂಗಲ್ ಡ್ರೈವ್, ಗೂಗಲ್ ಫೋಟೋಸ್ ತೆರೆದು ನೋಡಿ. ಖರ್ಚಿಲ್ಲದ ಕೆಲಸ, ಆದರೆ ಸುಮಾರು ಜನ ಇದನ್ನು ಕೊನೆಗೆ ಮಾಡುತ್ತಾರೆ. ವಿಂಡೋಸ್ ಮೊದಲ ಸಲ ಸೆಟಪ್ ಆಗುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಒನ್‌ಡ್ರೈವ್‌ಗೆ ಸೇರಿಸುವ ಆಯ್ಕೆ ಬರುತ್ತದೆ. ಗಮನಿಸದೆ "ಹೂಂ" ಅಂದವರು ಬಹಳ ಜನ. ಉಚಿತ ಜಾಗ 5 ಜಿಬಿ ಮಾತ್ರ. ಅದು ತುಂಬಿದ ಮೇಲೆ ಹೊಸ ಫೈಲ್ ಹೋಗಿರುವುದಿಲ್ಲ. ಆದ್ದರಿಂದ ಫೋಲ್ಡರ್ ಕಂಡಿತು ಅಂತ ಸುಮ್ಮನಾಗಬೇಡಿ, ಕೊನೆಯ ಫೈಲಿನ ತಾರೀಕು ನೋಡಿ. ಜಿಮೇಲ್‌ನ ಸೆಂಟ್ ಫೋಲ್ಡರ್, ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್‌ಗಳನ್ನೂ ನೋಡಿ.

ಕೈಗೆ ಬೇಕಾದ ಸಾಮಾನು ಜಾಸ್ತಿ ಇಲ್ಲ. ನಿಮ್ಮ ಫೈಲ್‌ಗಳಿಗಿಂತ ದೊಡ್ಡದಾದ ಒಂದು ಎಕ್ಸ್‌ಟರ್ನಲ್ ಡ್ರೈವ್, ಖಾಲಿ ಮಾಡಬಹುದಾದ 8 ಜಿಬಿಯ ಒಂದು ಪೆನ್‌ಡ್ರೈವ್, ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್. ಎಕ್ಸ್‌ಟರ್ನಲ್ ಡ್ರೈವ್ ಫೈಲ್ ಜೋಡಿಸಿಡುವ ಕ್ರಮ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಮದುವೆ ವಿಡಿಯೋ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಬಟನ್ ಒತ್ತಿದರೂ ಸದ್ದೇ ಇಲ್ಲ, ಲೈಟೂ ಇಲ್ಲ

ಇದು ಕರೆಂಟಿನ ಸಮಸ್ಯೆ. ನೋಡಲು ಭಯವಾಗುತ್ತದೆ, ಆದರೆ ಫೈಲ್‌ಗಳ ಮಟ್ಟಿಗೆ ಇದು ಒಳ್ಳೆಯ ಲಕ್ಷಣ.

ಯುಪಿಎಸ್, ಎಕ್ಸ್‌ಟೆನ್ಶನ್ ಬಾಕ್ಸ್ ಎರಡನ್ನೂ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ. ಚಾರ್ಜರ್‌ನ ಲೈಟ್ ಉರಿಯುತ್ತದೆಯೇ ನೋಡಿ. ಅದೇ ವೋಲ್ಟೇಜ್, ಅಷ್ಟೇ ಅಥವಾ ಜಾಸ್ತಿ ವ್ಯಾಟ್ ಇರುವ ಬೇರೆ ಚಾರ್ಜರ್ ಸಿಕ್ಕರೆ ಹಾಕಿ ನೋಡಿ. ಆಮೇಲೆ ಚಾರ್ಜರ್ ಕಿತ್ತು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿಹಿಡಿದು ಬಿಡಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಇಷ್ಟಕ್ಕೇ ಎದ್ದ ಲ್ಯಾಪ್‌ಟಾಪ್‌ಗಳನ್ನು ನಾನು ಕಂಡಿದ್ದೇನೆ. ಎದ್ದರೆ ಮೊದಲು ಕಾಪಿ, ಆಮೇಲೆ ಮಿಕ್ಕ ಕೆಲಸ. ಒಂದು ಸಲ ಎದ್ದದ್ದು ನಾಳೆ ಏಳದೇ ಇರಬಹುದು.

ಡೆಸ್ಕ್‌ಟಾಪ್ ಆದರೆ ಹಿಂದಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಸ್ವಿಚ್ ಮತ್ತು ಪವರ್ ಕಾರ್ಡ್ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೋರಾಗಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ "ಇನ್ನೊಂದು ಸಲ ನೋಡೋಣ" ಅನ್ನುವುದು ಬೇಡ, ಪ್ಲಗ್ ಕಿತ್ತುಬಿಡಿ. ಸಿಡಿಲು ಬಡಿದ ಮೇಲೋ, ಕರೆಂಟ್ ಹೋಗಿ ಜೋರಾಗಿ ಬಂದ ಮೇಲೋ ಸತ್ತ ಡೆಸ್ಕ್‌ಟಾಪ್‌ಗೆ ಚೆನ್ನಾಗಿರುವ ಇನ್ನೊಂದು ಡಿಸ್ಕ್ ಹಾಕಿ ಪರೀಕ್ಷೆ ಮಾಡಬೇಡಿ, ಅದೂ ಹೋದೀತು.

ಏನು ಮಾಡಿದರೂ ಏಳದಿದ್ದರೆ ಡಿಸ್ಕ್ ಹೊರಗೆ ತೆಗೆಯುವ ಭಾಗಕ್ಕೆ ಹೋಗಿ.

ಫ್ಯಾನ್ ಓಡುತ್ತದೆ, ಸ್ಕ್ರೀನ್ ಮಾತ್ರ ಕಪ್ಪು

ಅಕ್ಕನ ಲ್ಯಾಪ್‌ಟಾಪ್‌ಗೆ ಆಗಿದ್ದು ಇದೇ. ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರಿದರೆ ಒಳಗೆ ಎಲ್ಲ ಓಡುತ್ತಿದೆ, ತೋರಿಸುವ ಭಾಗ ಮಾತ್ರ ಕೆಟ್ಟಿದೆ ಅಂತ ಅರ್ಥ. ಕತ್ತಲೆ ಕೋಣೆಯಲ್ಲಿ ಸ್ಕ್ರೀನ್ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಹಿಂದಿನ ಬೆಳಕು ಹೋಗಿದೆ ಅಷ್ಟೇ.

ಈಗ ಒಂದು ಎಚ್‌ಡಿಎಂಐ ಕೇಬಲ್ ತಂದು ಮನೆಯ ಟಿವಿಗೆ ಹಾಕಿ. ಚಿತ್ರ ಬರದಿದ್ದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಒಂದೆರಡು ಸಲ ಕೆಳಗಿನ ಬಾಣ ಒತ್ತಿ, ಎಂಟರ್ ಕೊಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡಿಸ್‌ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತದೆ, ಅದನ್ನೂ ನೋಡಿ. ಟಿವಿಯಲ್ಲಿ ಚಿತ್ರ ಬಂತಾ? ಹಾಗಾದರೆ ನೀವು ಗೆದ್ದಿರಿ. ಎಕ್ಸ್‌ಟರ್ನಲ್ ಡ್ರೈವ್ ಹಾಕಿ ಎಲ್ಲವನ್ನೂ ಕಾಪಿ ಮಾಡಿ. ಅವತ್ತು ಅಕ್ಕನ ಮನೆಯ ಟಿವಿ ಮೂರು ಹೆಜ್ಜೆ ದೂರದಲ್ಲಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕ್ಯಾಪ್ಸ್ ಲಾಕ್ ಲೈಟ್ ಅಲುಗಾಡದಿದ್ದರೆ, ಅಥವಾ ಬೀಪ್ ಬೀಪ್ ಅಂತ ಕೂಗಿದರೆ, ಕೆಲಸದ ಹೊತ್ತಿನ ಮೆಮೊರಿಯಾದ ರ‍್ಯಾಮ್ ಮೇಲೆ ಅನುಮಾನ ಪಡಿ. ಡೆಸ್ಕ್‌ಟಾಪ್‌ನಲ್ಲಿ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಕಚ್ಚುವ ತನಕ ಒತ್ತಿ ಕೂರಿಸಿ. ಇದರಲ್ಲೂ ಫೈಲ್‌ಗಳಿಗೆ ಅಪಾಯವಿಲ್ಲ.

ವಿಂಡೋಸ್ ಅರ್ಧಕ್ಕೆ ನಿಲ್ಲುತ್ತದೆ, ನೀಲಿ ಸ್ಕ್ರೀನ್ ಬರುತ್ತದೆ, ರಿಪೇರಿ ಅಂತ ಸುತ್ತುತ್ತಲೇ ಇರುತ್ತದೆ

ಮೊದಲು ಪೆನ್‌ಡ್ರೈವ್, ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತು ನೋಡಿ. ಡಿಸ್ಕ್‌ನಿಂದ ವಿಚಿತ್ರ ಸದ್ದು ಬರುತ್ತಿದ್ದರೆ ಇಲ್ಲಿ ಓದುವುದನ್ನು ಬಿಟ್ಟು "ಟಕ್ ಟಕ್" ಭಾಗಕ್ಕೆ ಹೋಗಿ.

ಲಾಗಿನ್ ಸ್ಕ್ರೀನ್ ತನಕ ಬಂದರೆ, ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಅಲ್ಲಿಯ ತನಕವೂ ಬರದಿದ್ದರೆ, ಲೋಗೋ ಕಂಡ ಕೂಡಲೇ ಪವರ್ ಬಟನ್ ಒತ್ತಿಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ರಿಕವರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಿಂದ ಸೇಫ್ ಮೋಡ್‌ಗೆ (ಅತಿ ಅಗತ್ಯದ್ದಷ್ಟೇ ಓಡುವ ವಿಂಡೋಸ್) ಹೋಗಲು ಬಂದರೆ ಅಲ್ಲೇ ಕಾಪಿ ಮಾಡಿ.

ಸೇಫ್ ಮೋಡ್ ಕೂಡ ಬರದಿದ್ದರೆ ಒಂದು ಹಳೆಯ ಉಪಾಯ ಇದೆ. ಅದೇ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಖಾಲಿ ನೋಟ್‌ಪ್ಯಾಡ್ ಬರುತ್ತದೆ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಆಲ್ ಫೈಲ್ಸ್ ಆರಿಸಿ. ಈಗ ಆ ಚಿಕ್ಕ ಕಿಟಕಿಯಲ್ಲೇ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಇಲ್ಲಿ ಅಕ್ಷರಗಳು ಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಡಿ ಅಂತ ಕಾಣಬಹುದು, ಗಾಬರಿ ಬೇಡ. ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ತೆರೆದು, ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಕೊಡಿ. ಎಕ್ಸ್‌ಟರ್ನಲ್ ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಬರುವುದಿಲ್ಲ. ಕಿಟಕಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಡ್ರೈವ್‌ನ ಲೈಟ್ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ, ಬಿಟ್ಟುಬಿಡಿ.

ಇದೇ ಪರದೆಯಲ್ಲಿ ರೀಸೆಟ್ ದಿಸ್ ಪಿಸಿ ಅಂತಲೂ ಇರುತ್ತದೆ. ಕೀಪ್ ಮೈ ಫೈಲ್ಸ್ ಅಂತ ಆಸೆ ತೋರಿಸಿದರೂ ಕಾಪಿ ಆಗುವ ತನಕ ಅದನ್ನು ಮುಟ್ಟಬೇಡಿ. ಸರಿಯಿಲ್ಲದ ಡಿಸ್ಕ್‌ನಲ್ಲಿ ಅದು ಅರ್ಧಕ್ಕೆ ನಿಂತರೆ ಇದ್ದದ್ದೂ ಕೆಡುತ್ತದೆ.

ರಿಕವರಿ ಪರದೆಯೇ ಬರದಿದ್ದರೆ ಲಿನಕ್ಸ್ (ವಿಂಡೋಸ್ ಬದಲು ಓಡುವ ಉಚಿತ ವ್ಯವಸ್ಥೆ) ಪೆನ್‌ಡ್ರೈವ್ ಮಾಡಿಕೊಳ್ಳಿ. ಸ್ನೇಹಿತರ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಇಳಿಸಿಕೊಂಡು, ರೂಫಸ್ ಅನ್ನುವ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಕೆಟ್ಟ ಕಂಪ್ಯೂಟರಿಗೆ ಅದನ್ನು ಹಾಕಿ, ಆನ್ ಮಾಡಿದ ಕೂಡಲೇ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಪಟ್ಟಿ) ಕೀ ಒತ್ತುತ್ತಾ ಇರಿ, ಪಟ್ಟಿ ಬಂದಾಗ ಪೆನ್‌ಡ್ರೈವ್ ಆರಿಸಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ನಿಮ್ಮ ಡಿಸ್ಕ್ ಮುಟ್ಟುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಇನ್‌ಸ್ಟಾಲ್ ಅನ್ನುವ ಐಕಾನ್ ಕಾಣುತ್ತದೆ, ಅದನ್ನು ಮಾತ್ರ ಒತ್ತಬೇಡಿ. ನಿಮ್ಮ ಡಿಸ್ಕ್ ತೆರೆದು ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ಕಾಪಿ ಮಾಡಿ. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ಇದ್ದರೆ ಲಿನಕ್ಸ್ ಆ ಡ್ರೈವ್ ಅನ್ನು ಓದಲು ಮಾತ್ರ ಬಿಡುತ್ತದೆ. ನಮಗೆ ಬೇಕಾದ್ದೂ ಅಷ್ಟೇ ಅಲ್ವಾ. ಇಂಟೆಲ್‌ನ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಲಿನಕ್ಸ್‌ಗೆ ಕಾಣದೇ ಇರಬಹುದು. ಅದು ಬಯಾಸ್ (ವಿಂಡೋಸ್‌ಗೂ ಮುಂಚೆ ಏಳುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್‌ನಿಂದ ಆಗುವುದು, ಡಿಸ್ಕ್ ಸತ್ತಿದೆ ಅಂತಲ್ಲ.

ಬೂಟ್ ಡಿವೈಸ್ ಸಿಗಲಿಲ್ಲ ಅನ್ನುವ ಬರಹ

ಬಯಾಸ್‌ಗೆ ಹೋಗಿ ಡಿಸ್ಕ್‌ನ ಹೆಸರು ಕಾಣುತ್ತದೆಯೇ ನೋಡಿ. ಕಂಡರೆ ಡಿಸ್ಕ್ ಇನ್ನೂ ಉಸಿರಾಡುತ್ತಿದೆ, ವಿಂಡೋಸ್ ಶುರುವಾಗುವ ಫೈಲ್‌ಗಳು ಕೆಟ್ಟಿವೆ. ಮೇಲೆ ಹೇಳಿದ ಲಿನಕ್ಸ್ ದಾರಿ ಹಿಡಿಯಿರಿ. ಕಾಣದಿದ್ದರೆ ಕೇಬಲ್ ಸಡಿಲ ಆಗಿರಬಹುದು, ಡೆಸ್ಕ್‌ಟಾಪ್‌ನಲ್ಲಿ ಡಿಸ್ಕ್‌ನಿಂದ ಬೋರ್ಡಿಗೆ ಹೋಗುವ ಸಾಟಾ ಕೇಬಲ್ ಕಿತ್ತು ಬೇರೆ ಕೇಬಲ್ ಹಾಕಿ ನೋಡಿ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಆಗಿದ್ದು, ಬೇರೆ ಕಂಪ್ಯೂಟರಿನಲ್ಲೂ ಹೆಸರು ಬರದಿದ್ದರೆ ಮನೆಯಲ್ಲಿ ಮಾಡುವಂಥದ್ದು ಉಳಿದಿಲ್ಲ. ಎಸ್‌ಎಸ್‌ಡಿ ಸಾಯುವಾಗ ಹಾರ್ಡ್‌ಡಿಸ್ಕ್ ಹಾಗೆ ಸದ್ದು ಮಾಡಿ ಎಚ್ಚರಿಸುವುದಿಲ್ಲ.

ಟಕ್ ಟಕ್ ಸದ್ದು, ಅಥವಾ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ

ಕಿವಿಯನ್ನು ಹತ್ತಿರ ತಂದು ಕೇಳಿ. ಚೆನ್ನಾಗಿರುವ ಹಾರ್ಡ್‌ಡಿಸ್ಕ್ ಸಣ್ಣಗೆ ಗುಂಯ್‌ಗುಡುತ್ತದೆ, ನಡುನಡುವೆ ಕರಕರ ಅನ್ನುತ್ತದೆ. ಕೆಟ್ಟದ್ದು ಗಡಿಯಾರದ ಹಾಗೆ ಒಂದೇ ಲಯದಲ್ಲಿ ಟಕ್, ಟಕ್, ಟಕ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ತಿರುಗುವುದು ನಿಲ್ಲುತ್ತದೆ, ಮತ್ತೆ ಶುರು. ಓದುವ ತಲೆ ತನಗೆ ಬೇಕಾದ ಗುರುತು ಸಿಗದೆ ಹಿಂದಕ್ಕೂ ಮುಂದಕ್ಕೂ ಬಡಿದುಕೊಳ್ಳುವ ಸದ್ದು ಅದು. ತಿರುಗದೆ ಸಣ್ಣಗೆ ಬೀಪ್ ಅಂದರೆ ಮೋಟಾರ್ ಸಿಕ್ಕಿಕೊಂಡಿದೆ, ಇಲ್ಲವೇ ತಲೆಯು ಫೈಲ್‌ಗಳಿರುವ ತಿರುಗುವ ತಟ್ಟೆಗೆ ಅಂಟಿಕೊಂಡಿದೆ.

ಈ ಎರಡರಲ್ಲಿ ಯಾವುದು ಕೇಳಿದರೂ ಆರಿಸಿ. ಮತ್ತೆ ಆನ್ ಮಾಡಬೇಡಿ. ತಲೆ ತಟ್ಟೆಯನ್ನು ಕೆರೆದರೆ ಅಲ್ಲಿದ್ದ ಫೈಲ್ ಪುಡಿಯಾಗಿ ಹೋಗುತ್ತದೆ, ಯಾವ ಲ್ಯಾಬೂ ಅದನ್ನು ತರಲಾರದು. ಡಿಸ್ಕ್‌ನ ಮುಚ್ಚಳ ಬಿಚ್ಚಬೇಡಿ. ತಲೆಗೂ ತಟ್ಟೆಗೂ ಇರುವ ಸಂದು ಒಂದು ಧೂಳಿನ ಕಣಕ್ಕಿಂತ ಚಿಕ್ಕದು. ಫ್ರಿಜ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹೊರಗೆ ತೆಗೆದಾಗ ಒಳಗೇ ಹನಿ ಕಟ್ಟುತ್ತದೆ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಹಸಿರು ಬೋರ್ಡ್ ಹಾಕಿದರೂ ಸಾಮಾನ್ಯವಾಗಿ ನಡೆಯುವುದಿಲ್ಲ. ಆ ಡಿಸ್ಕ್‌ಗೆ ಮಾತ್ರ ಹೊಂದುವ ಲೆಕ್ಕಗಳು ಅದರ ಸ್ವಂತ ಬೋರ್ಡಿನ ಚಿಪ್‌ನಲ್ಲಿ ಇರುತ್ತವೆ.

ಇಂಥ ಡಿಸ್ಕ್ ಕ್ಲೀನ್ ರೂಂ (ಧೂಳು ಬಾರದ ಕೋಣೆ) ಇರುವ ಡಾಟಾ ರಿಕವರಿ ಲ್ಯಾಬ್‌ಗೇ ಹೋಗಬೇಕು. ಬೀದಿ ಬದಿಯ ರಿಪೇರಿ ಅಂಗಡಿಗೆ ಅಲ್ಲ. ಲ್ಯಾಬ್‌ನವರನ್ನು ನೇರವಾಗಿ ಕೇಳಿ: ಪರೀಕ್ಷೆಗೆ ಎಷ್ಟು, ಫೈಲ್ ಸಿಗದಿದ್ದರೆ ಎಷ್ಟು, ದುಡ್ಡು ಕೊಡುವ ಮುಂಚೆ ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ, ನಮ್ಮ ಡಿಸ್ಕ್ ವಾಪಸ್ ಕೊಡುತ್ತೀರಾ. ಖರ್ಚು ಹೆಚ್ಚೇ ಆಗುತ್ತದೆ. ಆ ಫೈಲ್‌ಗಳು ಅಷ್ಟಕ್ಕೆ ತಕ್ಕವೇ ಅನ್ನುವುದನ್ನು ನೀವೇ ತೀರ್ಮಾನಿಸಬೇಕು.

ಸದ್ದಿಲ್ಲ, ಆದರೆ ಬಲು ನಿಧಾನ ಅಂದರೆ ಡಿಸ್ಕ್‌ನ ಕೆಲವು ಜಾಗ ಕೆಟ್ಟಿರಬಹುದು. ವಿಂಡೋಸ್ ಓಡುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. ಅದನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಕೆಟ್ಟ ಡಿಸ್ಕ್‌ಗೆ ಹಾಕಬೇಡಿ. ಹಳದಿ ಅಥವಾ ಕೆಂಪು ಬಣ್ಣ ಬಂದರೆ, ಮುಖ್ಯವಾಗಿ 05, ಸಿ5, ಸಿ6 ಸಾಲುಗಳ ಕೊನೆಯಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ, ಹೊತ್ತು ಕಳೆಯಬೇಡಿ. ಇಡೀ ಡ್ರೈವ್ ಕಾಪಿಗೆ ಹಾಕಬೇಡಿ. ಯಾವುದು ಹೋದರೆ ಮತ್ತೆ ಸಿಗುವುದಿಲ್ಲವೋ ಅದು ಮೊದಲು: ಮಗುವಿನ ಫೋಟೋ, ಥೀಸಿಸ್, ಲೆಕ್ಕಪತ್ರ. ಸಿನಿಮಾಗಳು ಕೊನೆಗೆ. ಚೆಕ್‌ಡಿಸ್ಕ್ ಓಡಿಸಬೇಡಿ. ಡಿಸ್ಕ್ ಸರಿಮಾಡುವ ಹೆಸರಿನಲ್ಲಿ ಅದು ಇರುವ ಕಡೆಯೇ ಬರೆಯುತ್ತದೆ, ಸಾಯುತ್ತಿರುವ ಡಿಸ್ಕ್ ಮೇಲೆ ಗಂಟೆಗಟ್ಟಲೆ ಹೊರೆ ಹಾಕುತ್ತದೆ.

ಲಿನಕ್ಸ್ ಬಲ್ಲವರು ಜೊತೆಗಿದ್ದರೆ ಡಿಡಿರೆಸ್ಕ್ಯೂ ಬಳಸಲು ಹೇಳಿ. ಅದು ಸುಲಭವಾಗಿ ಓದಲು ಬರುವ ಜಾಗಗಳನ್ನು ಮೊದಲು ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಗೆ ನಿಂತೆ ಅನ್ನುವುದನ್ನೂ ಬರೆದಿಡುತ್ತದೆ. ಕಾಪಿ ಹಾಕುವ ಡಿಸ್ಕ್ ಹಳೆಯದರಷ್ಟೇ ದೊಡ್ಡದು ಇರಬೇಕು. ಯಾವುದರಿಂದ ಯಾವುದಕ್ಕೆ ಅನ್ನುವುದು ತಿರುವುಮುರುವಾದರೆ ಎಲ್ಲ ಹೋಯಿತು. ಕೈ ನಡುಗುತ್ತಿದ್ದರೆ ಬಲ್ಲವರಿಗೇ ಬಿಡಿ.

ಕಾಫಿ ಚೆಲ್ಲಿತು, ಮಳೆ ನೀರು ನುಗ್ಗಿತು

ಚಾರ್ಜರ್ ಕಿತ್ತು, ಬಟನ್ ಒತ್ತಿಹಿಡಿದು ಆರಿಸಿ, ಗುಡಾರದ ಹಾಗೆ ಬೋರಲು ನಿಲ್ಲಿಸಿ. ಓಡುತ್ತದಾ ಅಂತ ಆನ್ ಮಾಡಿ ನೋಡುವುದೇ ದೊಡ್ಡ ತಪ್ಪು. ಒದ್ದೆ ಬೋರ್ಡಿಗೆ ಕರೆಂಟ್ ಸೇರಿದಾಗಲೇ ಅದು ಸುಡುವುದು. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ಕಾಫಿಯ ಹಾಲು ಸಕ್ಕರೆ ಒಳಗೇ ಅಂಟಿಕೊಂಡಿರುತ್ತದೆ. ಫೈಲ್‌ಗಳಿಗೆ ಲ್ಯಾಪ್‌ಟಾಪ್ ಒಣಗುವ ತನಕ ಕಾಯಲೂ ಬೇಕಿಲ್ಲ. ಡಿಸ್ಕ್‌ಗೆ ನೀರು ತಾಗಿಲ್ಲ ಅಂತ ಕಣ್ಣಿಗೆ ಕಂಡರೆ ಅದನ್ನು ತೆಗೆದು ಬೇರೆ ಕಡೆ ಓದಿ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಕಡೆ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಆ ರೀತಿ ಪೂರ್ತಿ ಮುಳುಗಿದ ಹಾರ್ಡ್‌ಡಿಸ್ಕ್ ಅನ್ನು ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಕೆಸರು ಒಣಗಿ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಒದ್ದೆಯಾಗಿಯೇ ಪ್ಲಾಸ್ಟಿಕ್ ಕವರ್‌ನಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಲ್ಯಾಬ್‌ಗೆ ಕೊಡಿ.

ಲ್ಯಾಪ್‌ಟಾಪ್‌ನ ತಳ ಉಬ್ಬಿದೆ, ಟಚ್‌ಪ್ಯಾಡ್ ಮೇಲೆದ್ದಿದೆ

ಬ್ಯಾಟರಿ ಉಬ್ಬಿದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬೆಂಕಿ ಹತ್ತುವ ವಸ್ತು ಇಲ್ಲದ ಕಡೆ ಇಟ್ಟು, ಬ್ಯಾಟರಿ ಬಿಚ್ಚುವ ಕೆಲಸವನ್ನು ಅಂಗಡಿಯವರಿಗೆ ಬಿಡಿ. ನೀವು ಎದುರಿಗೇ ನಿಂತು ಡಿಸ್ಕ್ ಅನ್ನೂ ಬಿಚ್ಚಿಸಿಕೊಂಡು ಮನೆಗೆ ತನ್ನಿ.

ಡಿಸ್ಕ್ ಹೊರಗೆ ತೆಗೆಯುವುದು

ಮೊದಲು ತೆಗೆಯಲು ಬರುತ್ತದೆಯೇ ಅಂತ ನೋಡಿ. ಮಾಡೆಲ್ ಹೆಸರು ಹಾಕಿ ಬಿಚ್ಚುವ ವಿಡಿಯೋ ಹುಡುಕಿದರೆ ಗೊತ್ತಾಗುತ್ತದೆ. ಕಡಿಮೆ ಬೆಲೆಯ ಇಎಂಎಂಸಿ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ. 2020ರ ಕೊನೆಯಿಂದ ಬಂದ ಎಂ1, ಎಂ2 ಮ್ಯಾಕ್‌ಬುಕ್‌ಗಳಲ್ಲೂ ಹಾಗೇ, ಜೊತೆಗೆ ಫೈಲ್‌ಗಳ ಬೀಗ ಆ ಚಿಪ್‌ಗೇ ಕಟ್ಟಿಕೊಂಡಿರುತ್ತದೆ. ಇಂಥವು ಏಳದಿದ್ದರೆ ಮದರ್‌ಬೋರ್ಡ್ ಬದಲಿಸುವುದು ಅಲ್ಲ, ಅದೇ ಬೋರ್ಡನ್ನು ರಿಪೇರಿ ಮಾಡುವವರು ಬೇಕು. ಬೋರ್ಡ್ ಬದಲಾದರೆ ಫೈಲೂ ಹೋಯಿತು. ಸ್ಕ್ರೀನ್ ಮಾತ್ರ ಹೋದ ಮ್ಯಾಕ್ ಆದರೆ ಹೊರಗಿನ ಡಿಸ್‌ಪ್ಲೇ ಹಾಕಿ. ಮ್ಯಾಕ್‌ಓಎಸ್ ಏಳದಿದ್ದರೆ ಪವರ್ ಬಟನ್ ಒತ್ತಿಹಿಡಿದು, ಆಪ್ಷನ್ಸ್ ಒಳಗಿನ ಶೇರ್ ಡಿಸ್ಕ್ ಮೂಲಕ ಇನ್ನೊಂದು ಮ್ಯಾಕ್‌ಗೆ ಕಾಪಿ ಮಾಡಬಹುದು.

ತೆಗೆಯಲು ಬರುವುದಾದರೆ ಊಟದ ಟೇಬಲ್ ಮೇಲೆ ಒಂದು ಇಡ್ಲಿ ತಟ್ಟೆ ಇಟ್ಟುಕೊಳ್ಳಿ. ತಳದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಕೀಬೋರ್ಡಿನ ಕಡೆಗೆ ಮೂತಿ ತೂರುತ್ತದೆ. ಹಿಂಜಿನ ಹತ್ತಿರದವು ಒಂದು ಗುಳಿಗೆ, ಮುಂದಿನವು ಇನ್ನೊಂದಕ್ಕೆ, ಡಿಸ್ಕ್‌ನದ್ದು ಮೂರನೆಯದಕ್ಕೆ. ನಮ್ಮ ಮನೆಯಲ್ಲಿ ಒಂದು ಹಳೆಯ ಇಡ್ಲಿ ತಟ್ಟೆ ಇದಕ್ಕೇ ಮೀಸಲು. ಬಿಚ್ಚುವ ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೋ.

ಚಾರ್ಜರ್ ಕಿತ್ತಿರಬೇಕು. ಕಬ್ಬಿಣದ ಕಿಟಕಿ ಸರಳನ್ನೋ ನಲ್ಲಿಯನ್ನೋ ಮುಟ್ಟಿ ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಸಿ. ತಳದ ಮುಚ್ಚಳವನ್ನು ಹಳೆಯ ಎಟಿಎಂ ಕಾರ್ಡಿನಿಂದ ಸುತ್ತಲೂ ಬಿಡಿಸಿ. ಒಳಗೆ ಮೊದಲು ಮಾಡುವ ಕೆಲಸ ಬ್ಯಾಟರಿಯ ಕನೆಕ್ಟರ್ ಕೀಳುವುದು. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತುದಿ ಹಿಡಿದು ಎಳೆಯಿರಿ.

ಈಗ ಮೂರರಲ್ಲಿ ಒಂದು ಕಾಣುತ್ತದೆ. ಇಸ್ಪೀಟು ಕಟ್ಟಿನ ಹಾಗೆ ಚಪ್ಪಟೆಯಾಗಿರುವ 2.5 ಇಂಚಿನ ಡಿಸ್ಕ್, ಡೆಸ್ಕ್‌ಟಾಪ್‌ನ ದಪ್ಪ 3.5 ಇಂಚಿನ ಡಿಸ್ಕ್, ಅಥವಾ ಎಂ.2 ಅನ್ನುವ ಎರಡು ಬೆರಳಗಲಕ್ಕಿಂತ ಚಿಕ್ಕದಾದ ಪಟ್ಟಿ. ಎಂ.2 ಪಟ್ಟಿ 22 ಮಿ.ಮೀ. ಅಗಲ, ಹೆಚ್ಚಾಗಿ 80 ಮಿ.ಮೀ. ಉದ್ದ. ಒಂದೇ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿದ ಕೂಡಲೇ ಪಟ್ಟಿಯ ಒಂದು ತುದಿ ಮೇಲಕ್ಕೆ ಏಳುತ್ತದೆ. ಹೆದರಬೇಡಿ, ಅದು ಹಾಗೇ ಇರಬೇಕು. ಆ ಓರೆಯಲ್ಲೇ ಮೆತ್ತಗೆ ಎಳೆಯಿರಿ.

ಇದನ್ನು ಯುಎಸ್‌ಬಿಗೆ ಜೋಡಿಸುವ ಕೇಸ್ ಬೇಕು. ಬೆಂಗಳೂರಿನಲ್ಲಾದರೆ ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಇದು ಎಲ್ಲ ಅಂಗಡಿಯಲ್ಲೂ ಸಿಗುವಂಥ ಸಾಮಾನು. ಎಂ.2ನಲ್ಲಿ ಎನ್‌ವಿಎಂಇ, ಸಾಟಾ ಅಂತ ಎರಡು ಜಾತಿ ಇವೆ. ಒಂದರ ಕೇಸ್ ಇನ್ನೊಂದಕ್ಕೆ ನಡೆಯುವುದಿಲ್ಲ. ಡಿಸ್ಕ್ ಮೇಲಿನ ಲೇಬಲ್‌ನ ಫೋಟೋ ತೋರಿಸಿ, "ಅಣ್ಣ, ಎರಡಕ್ಕೂ ನಡೆಯೋದೇ ಕೊಡಿ" ಅನ್ನಿ. 3.5 ಇಂಚಿನ ಡಿಸ್ಕ್‌ಗೆ ಯುಎಸ್‌ಬಿಯ ಕರೆಂಟ್ ಸಾಲದು, 12 ವೋಲ್ಟ್‌ನ ಬೇರೆ ಅಡಾಪ್ಟರ್ ಇರುವುದನ್ನೇ ಕೊಳ್ಳಿ.

ಬೇರೆ ಕಂಪ್ಯೂಟರಿಗೆ ಚುಚ್ಚಿದಾಗ "ಈ ಡಿಸ್ಕ್ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಇನಿಷಿಯಲೈಸ್ ಮಾಡಲೇ ಅಂದರೂ ಕ್ಯಾನ್ಸಲ್. ಫೋಲ್ಡರ್ ತೆರೆಯಲು ಪರ್ಮಿಷನ್ ಇಲ್ಲ ಅಂದರೆ ಕಂಟಿನ್ಯೂ ಒತ್ತಿ ಕಾಯಿರಿ, ಅದು ತೊಂದರೆಯಲ್ಲ.

48 ಅಂಕಿಯ ಕೀ ಕೇಳುತ್ತಿದೆ

ಇದು ವಿಂಡೋಸ್ ಡಿಸ್ಕ್‌ಗೆ ಹಾಕುವ ಬಿಟ್‌ಲಾಕರ್ ಬೀಗ. ವಿಂಡೋಸ್ 11ರ ಜೊತೆ ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನೀವು ಹಾಕದಿದ್ದರೂ ಇದು ಬಿದ್ದಿರುತ್ತದೆ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ, ಡಿವೈಸಸ್ ಭಾಗದಲ್ಲಿ ರಿಕವರಿ ಕೀ ಹುಡುಕಿ. ಪರದೆ ಮೇಲೆ ಕಾಣುವ ಕೀ ಐಡಿಯ ಮೊದಲ 8 ಅಕ್ಷರ ಹೊಂದಿಸಿ ನೋಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಆಫೀಸಿನ ಐಟಿಯವರನ್ನು ಕೇಳಿ. ಮನೆಯಲ್ಲಿ ಮೊದಲ ಸಲ ಸೆಟಪ್ ಮಾಡಿಕೊಟ್ಟವರ ಅಕೌಂಟ್‌ನಲ್ಲೂ ಇರಬಹುದು, ತಮ್ಮನೋ ಭಾವನೋ ಮಾಡಿಕೊಟ್ಟಿದ್ದರೆ ಅವರಿಗೆ ಫೋನ್ ಮಾಡಿ. ಕೀ ಎಲ್ಲೂ ಸಿಗದಿದ್ದರೆ ಮೈಕ್ರೋಸಾಫ್ಟ್‌ನವರೂ ತೆರೆದುಕೊಡಲಾರರು.

ಡಿಸ್ಕ್ ತೆಗೆಯದಿದ್ದರೂ ಈ ಕೀ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಬದಲಾದ ಮೇಲೆ ಅದೇ ಲ್ಯಾಪ್‌ಟಾಪ್ ನಿಮ್ಮನ್ನೇ ಇದನ್ನು ಕೇಳುತ್ತದೆ.

ಏನನ್ನು ಕಾಪಿ ಮಾಡಬೇಕು

ಡಿಸ್ಕ್ ಚೆನ್ನಾಗಿದ್ದರೆ ಯೂಸರ್ಸ್ ಒಳಗಿನ ನಿಮ್ಮ ಹೆಸರಿನ ಫೋಲ್ಡರ್ ಪೂರ್ತಿ ಎತ್ತಿ. ಆಮೇಲೆ ಡಿ ಡ್ರೈವ್, ಸಿ ಡ್ರೈವ್‌ನ ಬಾಯಲ್ಲೇ ಮಾಡಿಟ್ಟ ಫೋಲ್ಡರ್‌ಗಳು. ಅಂಗಡಿ ಲೆಕ್ಕ ಟ್ಯಾಲಿಯಲ್ಲಿದ್ದರೆ ಅದರ ಡಾಟಾ ಫೋಲ್ಡರ್ ಬೇರೆ ಕಡೆ ಇರುತ್ತದೆ, ಅದನ್ನು ಮರೆಯಬೇಡಿ. ಔಟ್‌ಲುಕ್ ಬಳಸುವವರು ಮೇಲ್‌ಗಳು ಇರುವ ಪಿಎಸ್‌ಟಿ ಫೈಲ್ ಹುಡುಕಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ವರ್ಡ್ ಫೈಲ್‌ಗಳು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ ಇಟ್ಟ ಹಾಗೆ ಕಾಣುತ್ತವೆ. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಟ್ಟವರನ್ನು ಕಂಡಿದ್ದೇನೆ. ಫೈಲ್ ಚೆನ್ನಾಗಿಯೇ ಇರುತ್ತದೆ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಫೋಲ್ಡರ್‌ನ ಫಾಂಟ್ಸ್ ಒಳಗಿಂದ ಆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ.

ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ಹೋಲಿಸಿ. ಅಲ್ಲಲ್ಲಿ ಹತ್ತು ಫೈಲ್ ತೆರೆದು ನೋಡಿ. ಒಂದು ವಿಡಿಯೋ ಕೊನೆಯ ತನಕ ಓಡಿಸಿ.

ಅಂಗಡಿಯ ಕೌಂಟರಿನಲ್ಲಿ

ಸ್ಕ್ರೀನ್, ಕೀಬೋರ್ಡ್, ಬ್ಯಾಟರಿ, ಚಾರ್ಜಿಂಗ್ ಪಿನ್ ರಿಪೇರಿಗೆ ನಿಮ್ಮ ಡಿಸ್ಕ್ ಬೇಕಾಗಿಲ್ಲ. ತೆಗೆಯಲು ಬರುವುದಾದರೆ ಡಿಸ್ಕ್ ಮನೆಯಲ್ಲಿಟ್ಟು ಲ್ಯಾಪ್‌ಟಾಪ್ ಮಾತ್ರ ಕೊಡಿ. ವಾರಂಟಿ ಇದ್ದು, ಇದ್ದ ಹಾಗೇ ಕೊಡಬೇಕು ಅಂದರೆ ಮೊದಲು ಡಿಸ್ಕ್‌ನ ಸೀರಿಯಲ್ ನಂಬರ್ ಫೋಟೋ ತೆಗೆದುಕೊಳ್ಳಿ. ಜಾಬ್ ಶೀಟ್‌ನಲ್ಲಿ "ಡಾಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು, ಡಿಸ್ಕ್ ಬದಲಿಸಿದರೆ ಹಳೆಯದು ವಾಪಸ್ ಕೊಡಬೇಕು" ಅಂತ ಬರೆಸಿ, ಅದರದ್ದೂ ಒಂದು ಫೋಟೋ. ಸುಮಾರು ಸರ್ವಿಸ್ ಸೆಂಟರ್‌ಗಳು ಡಾಟಾಕ್ಕೆ ನಾವು ಹೊಣೆಯಲ್ಲ ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ. ಓದಿ ಸಹಿ ಹಾಕಿ. ಕಾಪಿ ಇನ್ನೂ ಆಗಿಲ್ಲ ಅಂದರೆ ಸಹಿ ಹಾಕದೆ ಲ್ಯಾಪ್‌ಟಾಪ್ ವಾಪಸ್ ತನ್ನಿ.

ಆಗಲೇ ಯಾರೋ ಫಾರ್ಮ್ಯಾಟ್ ಮಾಡಿದ್ದರೆ, ಕೂಡಲೇ ಆರಿಸಿ. ಹಾರ್ಡ್‌ಡಿಸ್ಕ್ ಆದರೆ ಮೇಲೆ ಹೊಸದು ಬರೆಯದ ತನಕ ಹಳೆಯದು ಅಡಿಯಲ್ಲಿ ಉಳಿದಿರುತ್ತದೆ, ಫೋಟೋರೆಕ್‌ನಂಥ ಉಚಿತ ತಂತ್ರಾಂಶವೇ ಫೋಟೋ, ಹಾಡುಗಳನ್ನು ಹೆಕ್ಕಿಕೊಡಬಹುದು. ಫೈಲ್‌ಗಳ ಹೆಸರು ಮಾತ್ರ ಹೋಗಿರುತ್ತದೆ. ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದು ಟ್ರಿಮ್ ಅನ್ನುವ ಕ್ರಮದಿಂದ ತಾನೇ ಖಾಲಿ ಮಾಡಿಕೊಳ್ಳುತ್ತದೆ. ಅಕ್ಕನದ್ದು ಎಸ್‌ಎಸ್‌ಡಿ. ಎರಡು ಕಡೆ ತೋರಿಸಿದೆವು, ಇಬ್ಬರೂ ಇದೇ ಕಾರಣ ಹೇಳಿದರು. ಕೊನೆಗೆ ಅಪ್ಪನ ಹಳೆಯ ಫೋನಿನ ಮೆಮೊರಿ ಕಾರ್ಡ್‌ನಲ್ಲಿ ನಾಲ್ಕು ಹಾಡು ಸಿಕ್ಕವು. ಅವು ಈಗ ಅಕ್ಕನ ಹತ್ತಿರ ಒಂದು ಡ್ರೈವ್‌ನಲ್ಲಿ, ನನ್ನ ಹತ್ತಿರ ಒಂದು ಡ್ರೈವ್‌ನಲ್ಲಿ ಇವೆ.